ಹಚ್ಚದೆ ಜೋಡಿಸಿಟ್ಟ ಸೌದೆ

ನೆವಿಲ್‌ಗೆ ಒಲೆಯದೊಂದು ಬಿಟ್ಟರೆ ಬೇರೆ ಯಾವ ಜಂಬವೂ ಇರಲಿಲ್ಲ. ಭೂಮಿಯ ಆ ದಕ್ಷಿಣ ತುದಿಯಲ್ಲಿ ಚಳಿ ಶುರುವಾಗುವ ಏಪ್ರಿಲ್‌ನಲ್ಲಿ, ಬಾತ್‌ವೆಲ್ ಊರಿನ ಸ್ಮಾರಕಕ್ಕೆ ಹೋಗಿ ಯುದ್ಧದಲ್ಲಿ ಸತ್ತ ಸೈನಿಕರಿಗೆ ಹೂವಿಟ್ಟು ಬಂದವನು, ಕೋಟು ಬಿಚ್ಚುವ ಮೊದಲೇ ಕಬ್ಬಿಣದ ಒಲೆಗೆ ಬೆಂಕಿ ಹಚ್ಚುತ್ತಿದ್ದ. ಅದು ಆರುವುದು ಚಳಿ ಕಳೆದು ಕುರಿಗಳ ಉಣ್ಣೆ ಕತ್ತರಿಸುವ ಹೊತ್ತಿಗೇ. ಇಡೀ ಚಳಿಗಾಲಕ್ಕೆ ಒಂದೇ ಕಡ್ಡಿ. ಮಲಗುವ ಮುಂಚೆ ದಪ್ಪ ಕೊರಡು ನೂಕಿ ಗಾಳಿಕಂಡಿ ಬಿಗಿದರೆ, ಬೆಳಗ್ಗೆ ಬೂದಿ ಕೆದಕಿದಾಗ ಕೆಂಡ ಇರಲೇಬೇಕು. "ನನ್ನ ಮಗ್ಗುಲಿಗಿಂತ ಆ ಒಲೆ ಮುಂದೇನೇ ಜಾಸ್ತಿ ಕೂತಿರ್ತಾನೆ," ಅಂತ ಹೆಂಡತಿ ಡಲ್ಸಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅವಳ ಕುರ್ಚಿಯೂ ಒಲೆಗೆ ಅಂಟಿಕೊಂಡೇ ಇತ್ತು, ಅದು ಬೇರೆ ಮಾತು.

ನೆವಿಲ್ ಹುಟ್ಟಿದ್ದು ಮರ ಕಡಿಯುವವರ ಗುಡಿಸಲಲ್ಲಿ, ಸೊಂಟ ಹಿಡಿಯುವವರೆಗೂ ಮಾಡಿದ್ದು ಅದೇ ಕೆಲಸ. ಪ್ರೀತಿ ಗೀತಿ ಅಂತ ಬಾಯಿಬಿಡುವ ಆಸಾಮಿಯಲ್ಲ. ಡಲ್ಸಿಗೆ ಹೇಳಬೇಕಾದ್ದನ್ನೆಲ್ಲ ಸೌದೆ ಒಡೆದೇ ಹೇಳಿದ್ದ.

ಆ ವರ್ಷ ಜೂನ್‌ನಲ್ಲಿ ಡಲ್ಸಿಯ ಶ್ವಾಸಕೋಶ ಕೈಕೊಟ್ಟಿತು. ಹೋಬಾರ್ಟಿನ ಆಸ್ಪತ್ರೆಯವರು ಇನ್ನು ಹೆಚ್ಚು ದಿನ ಇಲ್ಲ ಅಂದರು. ಹಾಗಾದರೆ ಮನೆಗೇ ಹೋಗ್ತೀನಿ ಅಂದಳು ಅವಳು. ಆಕ್ಸಿಜನ್ ಮಷೀನು ಅವಳಿಗಿಂತ ಮೊದಲೇ ಬಂತು. ಜೋಡಿಸಲು ಬಂದ ನರ್ಸ್ ಜೊಲೀನ್ ಒಲೆ ನೋಡಿದವಳೇ ನಿಂತುಬಿಟ್ಟಳು.

"ಇದನ್ನ ಆರಿಸ್ಬೇಕು, ನೆವಿಲ್. ಆಕ್ಸಿಜನ್ ಹತ್ರ ಬೆಂಕಿ ಇರಬಾರ್ದು. ಒಂದು ಕಿಡಿ ಸಾಕು, ಹಾಸಿಗೆ ಸಮೇತ ಹೊತ್ಕೊಳ್ಳತ್ತೆ. ಹೊಗೇನೂ ಅವರಿಗೆ ಆಗಲ್ಲ."

"ಹೊರಗಡೆ ಹಿಮ ಬೀಳ್ತಿದೆಯಲ್ಲಮ್ಮ."

"ಕರೆಂಟ್ ಹೀಟರ್ ಇಟ್ಕೊಳ್ಳಿ."

ಹಲಗೆ ಗೋಡೆಯ ಆ ಮನೆಯಲ್ಲಿ ಹೀಟರಿನ ಬಿಸಿಯೂ ಒಂದು ಬಿಸಿಯೇ? ಕಾಲು ಬೆಚ್ಚಗಾದರೆ ಬೆನ್ನು ಸೆಟೆದುಕೊಳ್ಳುತ್ತಿತ್ತು. ಆದರೂ ನೆವಿಲ್ ಎದುರಾಡಲಿಲ್ಲ. ಗಾಳಿಕಂಡಿ ಪೂರ್ತಿ ತೆರೆದು, ಇದ್ದದ್ದು ಉರಿದುಹೋಗಲು ಬಿಟ್ಟ. ಬೂದಿ ತಣ್ಣಗಾದ ಮೇಲೆ ಡಲ್ಸಿ ಬಂದಳು. ಒಲೆ ಕಡೆ ನೋಡಿ, "ಯಾರಾದ್ರೂ ಸತ್ರಾ?" ಅಂತ ಕೇಳಿದಳು.

ಕಂಬಳಿ ಮೇಲೆ ಕಂಬಳಿ ಹೊದಿಸಿದರೂ, ಬಿಸಿನೀರಿನ ಚೀಲ ಕಾಲಡಿ ಇಟ್ಟರೂ ಅವಳ ಕೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. "ನೆವ್, ಒಂದು ಸಲ ಹಚ್ಚೋ. ಮಷೀನು ಆಫ್ ಮಾಡಿ ಈ ಕೊಳವೆ ತೆಗೆದಿಡು. ಅಷ್ಟು ಹೊತ್ತು ಹೇಗೋ ತಡ್ಕೋತೀನಿ."

"ಹುಚ್ಚಿ ಥರ ಆಡ್ಬೇಡ."

ಅವಳ ಕಾಟ ತಾಳದೆ ಒಂದು ದಿನ ಹಾಗೂ ಮಾಡಿ ನೋಡಿದ. ಪುಳ್ಳೆ ಜೋಡಿಸಿ, ಮೇಲೆ ಒಣ ಸೌದೆ ಇಟ್ಟು, ಕಡ್ಡಿಪೊಟ್ಟಣ ತೆಗೆಯುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತು. ಪೊಟ್ಟಣ ಎಸೆದು ಓಡಿದ. ಕೊಳವೆ ಸಿಕ್ಕಿಸುವ ಅವಸರದಲ್ಲಿ ಅವಳ ಮೂಗು ಗೀರಿತು. "ಬೆಂಕಿ ಹಚ್ಚೋಕೂ ಬರಲ್ಲ ಈಗ ನಿಂಗೆ," ಅಂದಳು, ಉಸಿರು ತಿರುಗಿದ ಮೇಲೆ. ತಮಾಷೆಗೇ ಅಂದಿದ್ದು. ಅವನು ಜೋಡಿಸಿದ್ದನ್ನು ತೆಗೆಯದೆ ಒಲೆಯ ಬಾಗಿಲು ಮುಚ್ಚಿದ.

ಏನೂ ತೋಚದೆ ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಿದ್ದ. ಯಾರಿಗೆ, ಯಾಕೆ ಅಂತ ಕೇಳಿದ್ದರೆ ಪಾಪ, ಅವನಿಗೂ ಗೊತ್ತಿರಲಿಲ್ಲ. ಡಲ್ಸಿ ಒಳಗೆ ಮಲಗಿ ಆ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಜುಲೈ ಮುಗಿಯುವ ಮುಂಚೆ, ಅವನ ಎರಡು ಕೈಗಳ ನಡುವೆ ತನ್ನ ಕೈ ಇಟ್ಟುಕೊಂಡೇ ಹೋಗಿಬಿಟ್ಟಳು. ಎಷ್ಟು ಉಜ್ಜಿದರೂ ಆ ಕೈ ಬೆಚ್ಚಗಾಗಿರಲಿಲ್ಲ.

ಮಣ್ಣು ಮಾಡುವ ದಿನ ಬೆಳಗ್ಗೆ ಮಷೀನಿನವರು ಬಂದು ಮಷೀನು ಒಯ್ದರು. ಮಧ್ಯಾಹ್ನ ಊರವರೆಲ್ಲ ಸ್ಯಾಂಡ್‌ವಿಚ್ಚು, ಕೇಕು ಹಿಡಿದು ಮನೆಗೆ ಬಂದರು. ಪಕ್ಕದ ಹೊಲದ ವಾರಿಕ್ ಒಳ್ಳೆಯವನು, ಹೇಳಿಸಿಕೊಳ್ಳದೆ ಕೆಲಸಕ್ಕೆ ಕೈಹಾಕುವವನು. ಒಲೆಯ ಬಾಗಿಲು ತೆಗೆದು ನೋಡಿದ. ಡಲ್ಸಿಗೆಂದು ಜೋಡಿಸಿದ್ದ ಪುಳ್ಳೆ, ಸೌದೆ ಹಾಗೇ ಇತ್ತು.

"ಎಲ್ಲ ರೆಡಿ ಇಟ್ಕೊಂಡು ಚಳೀಲಿ ಯಾಕೋ ಕೂತಿದ್ದೀಯ, ನೆವ್? ಈಗ ಇನ್ನೇನು ಭಯ," ಅಂತ ಕಡ್ಡಿ ಗೀರಿದ.

ಒಣ ಸೌದೆ, ಭಗ್ಗನೆ ಹತ್ತಿಕೊಂಡಿತು. ನೆವಿಲ್ ಬೇಡ ಅನ್ನಲು ಬಾಯಿ ತೆರೆದ. ಯಾಕೆ ಅಂತ ಕೇಳಿದರೆ ಏನು ಹೇಳುವುದು? ಸ್ವಲ್ಪ ಹೊತ್ತಿಗೆ ಹೆಂಗಸರು ಕೋಟು ಬಿಚ್ಚಿ, "ಅಬ್ಬ, ಈಗ ಜೀವ ಬಂತು ನೋಡು," ಅಂದರು. ಯಾರೋ ಡಲ್ಸಿಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಅವನು ಎದ್ದು ಹಿತ್ತಲಿಗೆ ಹೋಗಿ ಸೌದೆ ರಾಶಿಯ ಮೇಲೆ ಕೂತ.

"ಒಳಗೆ ಬಾರೋ, ಸೆಟೆದು ಹೋಗ್ತೀಯ," ವಾರಿಕ್ ಬಾಗಿಲಿಂದ ಕೂಗಿದ.

"ಬರ್ತೀನಿ," ಅಂದ ನೆವಿಲ್. "ಅದು ಆರಲಿ."