ನಿಮ್ಮನೆಯವರು ಎಷ್ಟು ಜನ?

ನನ್ನ ತಮ್ಮನ ಹೆಂಡತಿಯನ್ನ ನಾನು ಸೂಜಿ ಅಂತಲೇ ಕರೆಯೋದು. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಪ್ಯಾಂಟು ಗಿಡ್ಡ ಮಾಡ್ತಿದ್ದಳು, ಕಿತ್ತುಹೋದ ಜಿಪ್ಪು ಕೂರಿಸ್ತಿದ್ದಳು. ತುಟಿ ಮಧ್ಯೆ ಗುಂಡುಸೂಜಿ ಕಚ್ಚಿಕೊಂಡೇ ಜಗಳಾಡೋಳು, ಗಟ್ಟಿಗಿತ್ತಿ.

ಆ ಅಂಗಡಿ ಕೆಲಸಕ್ಕೆಂದೇ ಈ ದೇಶಕ್ಕೆ ಬಂದವಳು. ನನ್ನ ತಮ್ಮ ಇಲ್ಲಿನ ಪ್ರಜೆ, ಬೇಕರಿಯಲ್ಲಿ ರಾತ್ರಿ ಪಾಳಿ. ಹರಿದ ಏಪ್ರನ್ ಹೊಲಿಸೋಕೆ ಹೋದ ಮಹರಾಯ, ಆಮೇಲೆ ಹರಿಯದೇ ಇದ್ದದ್ದನ್ನೂ ಹೊತ್ತುಕೊಂಡು ಹೋಗೋಕೆ ಶುರುಮಾಡಿದ. ಇಬ್ಬರಿಗೂ ನಲವತ್ತು ದಾಟಿತ್ತು. ಮದುವೆಯಾದರು. ಅಷ್ಟರಲ್ಲಿ ಅವಳ ಕೆಲಸದ ಪರವಾನಗಿ ಮುಗೀತಾ ಬಂತು. ಇನ್ನು ಹೆಂಡತಿ ಅನ್ನೋ ಲೆಕ್ಕದಲ್ಲಿ ಇರೋಕೆ ಅನುಮತಿ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಮದುವೆ ನಿಜವೋ ನಾಟಕವೋ ಅಂತ ನೋಡೋಕೆ ವಲಸೆ ಕಚೇರಿಯವರು ಗಂಡ ಹೆಂಡತಿಯನ್ನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳ್ತಾರೆ. ಇವಳಿಗೆ ಫೋನಿನಲ್ಲೊಬ್ಬ ದುಭಾಷಿ. ಕನ್ನಡ ಬರ್ತಿತ್ತಂತೆ ಅವನಿಗೆ, ಏನು ಬರ್ತಿತ್ತೋ ಅವನ ತಲೆ!

"ಮನೆಯಲ್ಲಿ ಯಾರ್‍ಯಾರು ಇದ್ದೀರಿ?"

"ನಾನು, ನಮ್ಮನೆಯವರು."

ಗಂಡ ಅಂತ ಹೇಳೋಕೆ ಇವಳಿಗೆ ಗೊತ್ತಿರೋದು ಅದೊಂದೇ ಮಾತು. ಅವನನ್ನ ಬೈಯೋವಾಗಲೂ ಬಹುವಚನ ಬಿಟ್ಟವಳಲ್ಲ. ಆ ಪುಣ್ಯಾತ್ಮ ಅದನ್ನ 'ನಮ್ಮ ಮನೆಯ ಜನ' ಅಂತ ತಿರುಗಿಸಿದ.

"ಅವರೇನು ಮಾಡ್ತಾರೆ?"

"ಅವರು ಬೆಳಿಗ್ಗೆ ಬರ್ತಾರೆ, ತಿಂಡಿ ತಿಂದು ಮಲಗ್ತಾರೆ."

ಪಕ್ಕದ ಕೋಣೆಯಲ್ಲಿ ನನ್ನ ತಮ್ಮ "ಮನೇಲಿರೋದು ನಾವಿಬ್ಬರೇ" ಅಂತ ಹೇಳ್ತಾ ಕೂತಿದ್ದಾನೆ. ಇಲ್ಲಿ ನೋಡಿದರೆ ದಂಡೇ ಬಂದು ತಿಂಡಿ ತಿಂದು ಮಲಗ್ತಿದೆ! ಇಬ್ಬರ ಮಾತಿಗೂ ತಾಳಮೇಳ ಇಲ್ಲ, ಇನ್ನೊಂದು ಸಲ ವಿಚಾರಣೆ ಅಂದರು.

ವಕೀಲ ತಲೆ ಚಚ್ಚಿಕೊಂಡು ಹೇಳಿದ, "ಅಮ್ಮಾ, ಇನ್ನು ಮೇಲೆ ಅವನು, ಇವನು ಅಂತಲೇ ಹೇಳಿ."

ಅವಳ ಬಾಯಲ್ಲಿ ಅದು ಬರಬೇಕಲ್ಲ! ಅಡುಗೆಮನೆಯಲ್ಲಿ ನನ್ನ ತಮ್ಮ ಮೇಷ್ಟ್ರಾದ. "ಹೇಳೇ, ಅವನು ಬಂದ."

"ಅವನು ಬಂದ... ರೀ, ಬೇಜಾರಾಗಲಿಲ್ಲ ತಾನೇ?"

ಪಕ್ಕದ ಬೀದಿಯಿಂದ ನೋಡೋಕೆ ಬಂದಿದ್ದ ನಾನು ಬಿದ್ದು ಬಿದ್ದು ನಕ್ಕೆ. ಅವಳು ಮಾತ್ರ ಹೊಲಿಗೆ ಮೆಷಿನ್ ತುಳೀತಾ ಪಾಠ ಒಪ್ಪಿಸಿದ್ದೇ ಒಪ್ಪಿಸಿದ್ದು. ಅವನು ತಿಂದ, ಅವನು ಮಲಗಿದ.

ಎರಡನೇ ಸಲ ಬಂದ ದುಭಾಷಿ ಹೆಂಗಸು. ಮನೆಯಲ್ಲೂ ಕನ್ನಡ ಆಡೋಳು. ಸದ್ಯ, ಗೆದ್ದೆವು ಅಂದುಕೊಂಡೆ. ಸೂಜಿ ಬೆವರು ಒರೆಸಿಕೊಳ್ತಾ ಒಂದೂ ತಪ್ಪದ ಹಾಗೆ ಹೇಳಿದಳಂತೆ: ಅವನು ಬೇಕರೀಲಿದ್ದಾನೆ, ಅವನಿಗೆ ಸಕ್ಕರೆ ಜಾಸ್ತಿ ಬೇಕು. ಅಧಿಕಾರಿ ಆ ಹೆಂಗಸನ್ನ ಕೇಳಿದ, ಇವರ ಮಾತಿನ ರೀತಿ ಹೇಗಿದೆ ಅಂತ. ಅವಳು ಇದ್ದದ್ದನ್ನೇ ಹೇಳಿದಳು.

ಉತ್ತರ ಬಂತು. ಅರ್ಜಿದಾರಳು ಬಾಯಿಪಾಠ ಮಾಡಿ ಬಂದಂತಿದೆ. ಗಂಡನ ಬಗ್ಗೆ ಪರಿಚಯವಿಲ್ಲದವರ ಬಗ್ಗೆಯೂ ಆಡದ ಧಾಟಿಯಲ್ಲಿ ಆಡುತ್ತಾಳೆ. ಸಂಬಂಧ ನಿಜವೆಂದು ನಂಬಲಾಗದು. ದೇಶ ಬಿಟ್ಟು, ಹೊರಗಿನಿಂದ ಮತ್ತೆ ಅರ್ಜಿ ಹಾಕಬಹುದು.

ಮರ್ಯಾದೆ ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು! ಇವರ ಮನೆ ಹಾಳಾಗ! ಯಾರ ಕೊರಳಪಟ್ಟಿ ಹಿಡಿದು ಕೇಳೋದು ನಾನು? ಬೈದೂ ಬೈದೂ ನನ್ನ ಗಂಟಲು ಕಟ್ಟಿಹೋಯ್ತು. ಅವಳು ಮಾತ್ರ ಅವನ ಏಪ್ರನ್ನುಗಳಿಗೆಲ್ಲ ಲಾಡಿ ಭದ್ರ ಮಾಡಿಟ್ಟು ವಿಮಾನ ಹತ್ತಿದಳು.

ಹೊಸ ಅರ್ಜಿ ಎಲ್ಲೋ ಕೊಳೀತಾ ಬಿದ್ದಿದೆ. ನಿನ್ನೆ ನಾನು ತಮ್ಮನಿಗೆ ತಿಂಡಿ ಹಾಕ್ತಿದ್ದಾಗ ಅವಳ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಅಕ್ಕಾ, ನಮ್ಮನೆಯವರು ತಿಂಡಿ ತಿಂದರಾ?"

ತಮ್ಮ ಬಾಯಲ್ಲಿದ್ದದ್ದನ್ನ ನುಂಗಿ, ಆ ಅಧಿಕಾರಿಯ ಗತ್ತಿನಲ್ಲೇ ಕೇಳಿದ, "ನಿಮ್ಮನೆಯವರು ಅಂದರೆ ಎಷ್ಟು ಜನ ಅಮ್ಮಾ?"

ಅವಳು ನಕ್ಕಳು.

"ಒಬ್ಬರೇ ರೀ," ಅಂದಳು. "ನನಗಿರೋದು ಒಬ್ಬರೇ."