ಚಿಕ್ಕಪ್ಪನ ಹತ್ತು ಹೆಸರು

ನಮ್ಮ ಚಿಕ್ಕಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಎಲ್ಲರ ಭವಿಷ್ಯಕ್ಕೂ ಮೇಷ್ಟ್ರು. ಪಿಎಚ್‌ಡಿ ಮಾಡಬೇಕೆಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಮೇಜಿನ ಡ್ರಾಯರಿನಿಂದ ಲ್ಯಾಮಿನೇಟ್ ಮಾಡಿದ ಹಾಳೆಯೊಂದು ಹೊರಬರುತ್ತಿತ್ತು. ಅದರಲ್ಲಿ ಜಗತ್ತಿನ ಅತಿ ದೊಡ್ಡ ಹತ್ತು ವಿಶ್ವವಿದ್ಯಾಲಯಗಳ ಹೆಸರು. ಹನ್ನೊಂದನೆಯದಕ್ಕೆ ಜಾಗವೇ ಇಲ್ಲ. ತಾವು ಕಾಲಿಡದ ಊರಿಗೆ ದಾರಿ ಹೇಳುವುದರಲ್ಲಿ ಅವರು ಎತ್ತಿದ ಕೈ.

ನನ್ನ ಅಂಕ ನೂರಕ್ಕೆ ಅರವತ್ತೆರಡು. ಕ್ವಾಂಟಮ್ ಪೇಪರಿನಲ್ಲಿ ಒಮ್ಮೆ ಡುಮ್ಕಿ ಹೊಡೆದು ಎರಡನೇ ಸಲ ಹೇಗೋ ದಾಟಿದವಳು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕೆಲಸ: ಗಾಳಿಯನ್ನೆಲ್ಲ ಹೊರಗೆಳೆದಿಡುವ ಲ್ಯಾಬಿನ ವ್ಯಾಕ್ಯೂಮ್ ಯಂತ್ರಗಳೊಳಗೆ ಮತ್ತೆ ಗಾಳಿ ಎಲ್ಲಿಂದ ನುಸುಳುತ್ತಿದೆ ಎಂದು ಹುಡುಕುವುದು. ಓದು ಮುಗಿದ ಮೇಲೆ ಲ್ಯಾಬೊಂದರಲ್ಲಿ ಸಿಕ್ಕಿದ್ದ ಆ ತಾತ್ಕಾಲಿಕ ಕೆಲಸಕ್ಕೆ ಎರಡು ವರ್ಷದ ಗಡುವು. ಅಷ್ಟರಲ್ಲಿ ಪಿಎಚ್‌ಡಿ ಸೀಟು ಸಿಗದಿದ್ದರೆ ಭೌತಶಾಸ್ತ್ರಕ್ಕೆ ದೊಡ್ಡ ನಮಸ್ಕಾರ ಹಾಕಿ ಮನೆಗೆ ಹೋಗಬೇಕು.

ಮೊದಲ ವರ್ಷ ದಡ್ಡಿಯಂತೆ ಆ ಹತ್ತಕ್ಕೂ ಅರ್ಜಿ ಹಾಕಿದೆ. ಚಿಕ್ಕಪ್ಪ ಹೇಳಿದಂತೆ ವಿಶ್ವದ ಹುಟ್ಟಿನ ಬಗ್ಗೆ ಎರಡು ಪುಟ ಕೊರೆದೆ. ಯಂತ್ರದ ಸುದ್ದಿ ಎತ್ತಲಿಲ್ಲ.

"ಅದೆಲ್ಲ ಮೆಕ್ಯಾನಿಕ್ ಕೆಲಸ ಕಣಮ್ಮ. ಬರೆದ್ರೆ ಮರ್ಯಾದೆ ಹೋಗತ್ತೆ" ಎಂದಿದ್ದರು.

ಹತ್ತೂ ಕಡೆಯಿಂದ ಇಲ್ಲ ಎಂದು ಬಂತು. "ಯೋಗ್ಯತೆ ಗುರುತಿಸೋ ಕಣ್ಣಿಲ್ಲ ಅವ್ರಿಗೆ" ಎಂದರು ಚಿಕ್ಕಪ್ಪ. ಕಣ್ಣಿದ್ದದ್ದರಿಂದಲೇ ಬೇಡವೆಂದರು ಎಂಬುದು ಆ ಮಹಾಶಯರ ತಲೆಗೆ ಹೋಗಲಿಲ್ಲ.

ಎರಡನೇ ವರ್ಷ ನಾನು ಹೆಸರು ನೋಡುವುದನ್ನು ಬಿಟ್ಟೆ. ಸಂಶೋಧನಾ ಲೇಖನಗಳ ಗ್ರಾಫ್ ನೋಡತೊಡಗಿದೆ. ನಾನೆಂದೂ ಕೇಳಿರದ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರ ಗ್ರಾಫಿನಲ್ಲಿ, ಯಂತ್ರದೊಳಗಿನ ಗಾಳಿಯ ಒತ್ತಡದ ಗೆರೆ ಇನ್ನೂ ಇಳಿಯಬೇಕಾದಲ್ಲಿ ಇಳಿಯದೆ ನಿಂತಿತ್ತು. ನಿಮ್ಮ ಯಂತ್ರ ಸೋರುತ್ತಿರಬೇಕು, ಇಂಥ ಜೋಡಣೆ ಬಿಚ್ಚಿ ನೋಡಿ ಎಂದು ಬರೆದೆ. ನನ್ನ ಡುಮ್ಕಿಯನ್ನೂ ಮುಚ್ಚಿಡಲಿಲ್ಲ. ವಾರದೊಳಗೆ ಉತ್ತರ ಬಂತು: ಸೋರಿಕೆ ಅಲ್ಲೇ ಇತ್ತು, ಅರ್ಜಿ ಹಾಕಿ. ಗಡುವಿಗೆ ಹನ್ನೆರಡು ದಿನ ಇರುವಾಗ ಪ್ರವೇಶಪತ್ರ ಕೈಸೇರಿತು.

ಚಿಕ್ಕಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಗು ಮುರಿದರು. "ಇದೂ ಒಂದು ವಿಶ್ವವಿದ್ಯಾಲಯಾನಾ? ಹೆಸರಾದ್ರೂ ಯಾರಾದ್ರೂ ಕೇಳಿದಾರಾ?"

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಪಟ್ಟೀಲಿ ನಿಮಗೆ ಯಾವುದು ಸಿಕ್ಕಿತ್ತು, ಚಿಕ್ಕಪ್ಪ?" ಎಂದುಬಿಟ್ಟೆ.

ಅವರು ಎದ್ದು ಒಳಕ್ಕೆ ಹೋದರು. ಸರಿಯಾಗಿ ತಾಗಿತು ಎಂದು ನನಗೆ ಖುಷಿಯೇ ಆಯಿತು. ಹೊರಬಂದಾಗ ಕೈಯಲ್ಲಿ ಅವರದೇ ಹಳದಿಗಟ್ಟಿದ ಅಂಕಪಟ್ಟಿ ಇತ್ತು. ನೂರಕ್ಕೆ ಐವತ್ತೇಳು.

"ಇದನ್ನ ನಿನ್ನ ಚಿಕ್ಕಮ್ಮಂಗೂ ತೋರಿಸಿಲ್ಲ. ಮೂರು ವರ್ಷ ಅದೇ ಹತ್ತಕ್ಕೇ ಅರ್ಜಿ ಹಾಕಿದೆ, ಒಂದೂ ಸಿಗಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ ಪ್ರೊಫೆಸರು ವಯಸ್ಸಾದವ್ರನ್ನ ಪಿಎಚ್‌ಡಿಗೆ ತಗೋತಾರಾ? ಒಂದ್ಮಾತು ಕೇಳ್ತೀಯಾ?"

ಚುಚ್ಚುವ ಮಾತುಗಳು ನಾಲಿಗೆಯ ತುದಿಗೇ ಬಂದಿದ್ದವು. ನುಂಗಿಕೊಂಡೆ.

"ಕೇಳ್ತೀನಿ. ನಿಮಗೆ ಯಾವ ಕೆಲಸ ಚೆನ್ನಾಗಿ ಬರತ್ತೆ, ಚಿಕ್ಕಪ್ಪ?"

ಅವರು ಅಂಕಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸುತ್ತಾ ಕೂತರು. ಬರೆದುಕೊಳ್ಳಲು ನಾನು ಪೆನ್ನು ತೆಗೆದು ಪಕ್ಕದಲ್ಲಿ ಕೂತೆ.