ಅರವಟ್ಟಿಗೆಯಲ್ಲಿ ನಕ್ಕವಳು

ಮೊನ್ನೆ ಮಧುಗಿರಿಯ ಒಂದು ಸಭೆಯಲ್ಲಿ, ಸೇವೆಯಿಂದ ಮನುಷ್ಯನಿಗೂ ಸಮಾಜಕ್ಕೂ ಆಗುವ ಒಳ್ಳೆಯದರ ಬಗ್ಗೆ ಮಾತಾಡಲು ಬಂದಿದ್ದ ಹಿರಿಯರೊಬ್ಬರು ನಮ್ಮ ಚಿಕ್ಕತ್ತೆಯನ್ನು ಉದಾಹರಣೆಗೆ ಎಳೆದು ತಂದರು. "ತನ್ನ ಸುಖ ಮರೆತು, ತಲೆ ಎತ್ತದೆ, ಮುಖ ಕೂಡ ತೋರಿಸದೆ ದಾರಿಹೋಕರಿಗೆ ನೀರೆರೆದ ಮಹಾತಾಯಿ" ಅಂದರು. ಚಪ್ಪಾಳೆ ಬಿತ್ತು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ, ಕೈ ಮೇಲೇಳಲಿಲ್ಲ. ಮೈಯೆಲ್ಲ ಉರಿಯಿತು. ಆ ವಾಕ್ಯದಲ್ಲಿ ಮುಖದ ಮಾತೊಂದು ಅರ್ಧ ನಿಜ, ಮಿಕ್ಕದ್ದೆಲ್ಲ ಸುಳ್ಳು. ಸುಳ್ಳನ್ನಾದರೂ ಸಹಿಸಬಹುದು. ಆ ಅರ್ಧ ನಿಜ ನನ್ನನ್ನು ಮನೆಗೆ ಬಂದಮೇಲೂ ಬಿಡಲಿಲ್ಲ.

ಚಿಕ್ಕತ್ತೆ ನನ್ನ ಮಾವನವರ ತಂಗಿ. ಬಡವನಹಳ್ಳಿ ಕಡೆಯ ಆ ಒಕ್ಕಲು ಮನೆಗೆ ನಾನು ಸೊಸೆಯಾಗಿ ಬಂದಾಗ ಅವರು ಗಂಡ ಸತ್ತು ತವರಿಗೆ ಮರಳಿದ್ದರು. ಮಕ್ಕಳಿಲ್ಲ. ಹಿತ್ತಿಲ ಕಡೆಯ ಕೋಣೆ ಅವರದು. ಬೆಳಗ್ಗೆ ಮಾವ ಹೊಲಕ್ಕೋ ಸಂತೆಗೋ ಹೊರಡುವಾಗ ಎದುರಾಗಬಾರದೆಂದು ಬಾಗಿಲು ಹಾಕಿಕೊಂಡಿರಬೇಕು. ಸದಾ ಪಕ್ಕೆನೋವು. ತಟ್ಟೆಯಲ್ಲಿನ ಮುದ್ದೆಯಲ್ಲಿ ಅರ್ಧ ನಾಯಿಗೆ ಹೋಗುತ್ತಿತ್ತು. ಅವರ ದನಿ ಹೇಗಿದೆ ಎಂಬುದೇ ನನಗೆ ಬಹಳ ತಿಂಗಳು ಗೊತ್ತಿರಲಿಲ್ಲ.

ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ದನಿ ಕೇಳಿರಲೇಬೇಕಲ್ಲ, ಒಂದೇ ಒಲೆ ಊದಿದವರು ನಾವು. ಮುಂದಿನದು ಬೆಳ್ಳಗೆ ಕಾಣಲೆಂದು ನೆನಪು ಹಿಂದಿನದಕ್ಕೆ ಮಸಿ ಬಳಿಯುತ್ತದೆ. ಆ ಕೋಣೆಗೆ ಒಂದು ಕಿಟಕಿಯೂ ಇತ್ತು. ಅದನ್ನೂ ಬರೆದಿದ್ದೇನೆ, ಸರಿಯೆ?

ಅರವಟ್ಟಿಗೆ ಇಡಿಸಿದವರು ಮಾವ. ಮಹಾರಾಜರ ಕಾಲ, ನಮ್ಮ ಕಡೆ ಬಸ್ಸು ಓಡಾಡಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ, ಜನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಓಡಾಡುತ್ತಿದ್ದರು. ಯುಗಾದಿ ಕಳೆದಮೇಲೆ ಮೊದಲ ಮಳೆ ಬೀಳುವತನಕ ಶಿರಾ ರಸ್ತೆಯ ಪಕ್ಕ ಹೊಂಗೆ ಸೊಪ್ಪಿನ ಚಪ್ಪರ ಹಾಕಿ, ಒದ್ದೆ ಮರಳಿನ ಮೇಲೆ ಗಡಿಗೆಗಳನ್ನಿಟ್ಟು, ಹೋಗಿಬರುವವರಿಗೆ ಪುಕ್ಕಟೆಯಾಗಿ ನೀರು, ನೀರು ಮಜ್ಜಿಗೆ. ಮೊದಲು ಒಂದು ಚೂರು ಬೆಲ್ಲ, ಆಮೇಲೆ ನೀರು. ಬರಿಯ ನೀರು ಕೊಡುವುದು ನಮ್ಮಲ್ಲಿ ಅವಮಾನ. ಬಾಯಾರಿದವರಿಗೆ ಎರೆದ ನೀರು ಸತ್ತವರ ಬಾಯಿಗೆ ಮುಟ್ಟುತ್ತದೆ ಅನ್ನುವುದು ನಂಬಿಕೆ. ಚಿಕ್ಕತ್ತೆಯನ್ನು ಅಲ್ಲಿ ಕೂರಿಸಿದ್ದೇ ಅದಕ್ಕೆ, ಸತ್ತ ಗಂಡನ ಬಾಯಿಗೆ ನೀರು ಬಿಡಲಿ ಅಂತ. ಮನೆಯವರು ಬೆಳಗ್ಗೆ ನೋಡಬಾರದ ಮುಖವನ್ನು ದಾರಿಯಲ್ಲಿ ಕೂರಿಸಲು ಯಾರಿಗೂ ಅಳುಕಾಗಲಿಲ್ಲ. ಮಂದಿಯ ಪ್ರಯಾಣ ಕೆಟ್ಟರೆ ಕೆಡಲಿ!

ಮಧ್ಯಾಹ್ನ ಅವರಿಗೆ ಬುತ್ತಿ ಒಯ್ಯುವ ಕೆಲಸ ನನ್ನದು. ಮೊದಮೊದಲು ಗಡಿಗೆಯ ಹಿಂದೆ ಗಡಿಗೆಯಂತೆಯೇ ಕೂತಿರುತ್ತಿದ್ದರು. ಹೇಗೆ, ಯಾವತ್ತು ಬಾಯಿ ಬಿಟ್ಟರೋ ನಾನು ಕಾಣೆ. ಒಂದು ದಿನ ದೂರದಿಂದಲೇ ಕೇಳಿಸಿತು.

"ಏನಪ್ಪಾ, ಎತ್ತು ಕುಂಟ್ತಾ ಐತೆ, ನೀನು ಮ್ಯಾಲೆ ಕುಂತು ಬೀಡಿ ಸೇದ್ತೀಯ?"

"ನಾನಿಳಿದ್ರೆ ಗಾಡಿ ಹೊಡಿಯೋರ್ಯಾರಮ್ಮ?" ಅಂದ ಗಾಡಿಯವನು.

"ಎತ್ತಿಗೆ ದಾರಿ ಗೊತ್ತೈತೆ. ನಿಂಗೇ ಗೊತ್ತಿಲ್ಲ. ಇಳಿ ಮೊದ್ಲು, ಬೆಲ್ಲ ತಗೋ."

ಆವತ್ತು ಬುತ್ತಿಯಲ್ಲಿ ಒಂದಗುಳೂ ಉಳಿಯಲಿಲ್ಲ. ಪಕ್ಕೆನೋವು ಅನ್ನುವ ಮಾತೇ ನಿಂತುಹೋಯಿತು. ಸಂಜೆ ಮನೆಗೆ ಬಂದರೆ ಐ.ಡಿ.ಹಳ್ಳಿಯಲ್ಲಿ ಯಾರ ಮನೆ ಮದುವೆ, ಶಿರಾ ಸಂತೆಯಲ್ಲಿ ಕುರಿ ಹೆಂಗೆ ಹೋಯ್ತು, ಪಾವಗಡದವನು ತೆಲುಗಿನಲ್ಲಿ ಹೆಂಡತಿಯನ್ನು ಏನೆಂದು ಬೈದ, ಎಲ್ಲ ಅವರಿಂದ. ಅತ್ತೆಯವರೂ ಒಲೆಯ ಮುಂದೆ ಕಿವಿ ನಿಮಿರಿಸಿ ಕೂರುತ್ತಿದ್ದರು. ಕಳೆದುಹೋದ ಎತ್ತಿನ ಸುದ್ದಿ ಒಬ್ಬ ಗಾಡಿಯವನ ಬಾಯಿಂದ ಚಪ್ಪರಕ್ಕೆ, ಚಪ್ಪರದಿಂದ ಇನ್ನೊಬ್ಬನ ಕಿವಿಗೆ ಹೋಗಿ ಎತ್ತು ಕೊಟ್ಟಿಗೆಗೆ ಮರಳಿತು. ಒಂದು ಸಲ ಗಂಡನ ಮನೆಯಲ್ಲಿ ಹೊಡೆಸಿಕೊಂಡು, ಒಂದು ಕಣ್ಣು ಊದಿದ ಹೆಂಗಸೊಬ್ಬಳು ಕೊಡಿಗೇನಹಳ್ಳಿಯ ತವರಿಗೆ ನಡೆದು ಹೊರಟವಳು ಅಲ್ಲಿ ಕುಸಿದು ಕೂತಳು. ಚಿಕ್ಕತ್ತೆ ಆ ಕಡೆ ಹೋಗುವ ಗಾಡಿಯವನ ಕೈಲಿ ಅವಳ ಅಣ್ಣನಿಗೆ ಹೇಳಿ ಕಳಿಸಿದರು. ಅಣ್ಣ ಬರುವವರೆಗೂ ಅವಳು ಗಡಿಗೆ ತೊಳೆದುಕೊಂಡು ಅವರ ಜೊತೆಯಲ್ಲೇ ಇದ್ದಳು. ಸಭೆಯ ಹಿರಿಯರು ಹುಡುಕುತ್ತಿದ್ದ ಒಳ್ಳೆಯದು ಇದು. ಇದನ್ನು ಅವರು ಹೇಳಲಿಲ್ಲ.

ಅಂದಮಾತ್ರಕ್ಕೆ ಅವರನ್ನು ದೇವಿ ಮಾಡಲು ನಾನು ತಯಾರಿಲ್ಲ. ಊರ ಹೊರಗಿನ ಕೇರಿಯವರು ಬಂದರೆ ಚಪ್ಪರದ ಆಚೆ ನಿಲ್ಲಿಸಿ, ಸೀಳಿದ ಬಿದಿರಿನ ದಬ್ಬೆಯಲ್ಲಿ ನೀರು ಹರಿಸುತ್ತಿದ್ದರು, ಬೊಗಸೆ ಒಡ್ಡಿ ಅವರು ಕುಡಿಯಬೇಕು. ಕೊನೆಯವರೆಗೂ ಹಾಗೇ ಮಾಡಿದರು. ಒಂದು ದಿನ ಆ ದಬ್ಬೆಯನ್ನು ಮುರಿದು ಒಲೆಗೆ ಹಾಕಿದರು ಎಂದು ಬರೆಯಲು ನನಗೆಷ್ಟು ಆಸೆ! ಹಾಕಲಿಲ್ಲ. ದಬ್ಬೆ ಅಲ್ಲೇ ಚಪ್ಪರದ ಕಂಬಕ್ಕೆ ಒರಗಿತ್ತು. ನಾನೂ ದಿನಾ ಅದನ್ನು ನೋಡುತ್ತಿದ್ದೆ.

ಆಮೇಲೆ ಬಸ್ಸಿನ ದಿನ ಬಂತು. ಚಪ್ಪರದ ಎದುರಿಗೆ ಬಸ್ಸು ಹೊಗೆಯಾಡುತ್ತಾ ನಿಂತಿತು. ಡ್ರೈವರು ತಗಡಿನ ಡಬ್ಬ ಹಿಡಿದು ಇಳಿದ. "ಅಮ್ಮಾ, ಬಸ್ಸಿಗೆ ಬಾಯಾರೈತೆ, ಒಂದು ಡಬ್ಬ ನೀರು ಬುಡು."

ಚಿಕ್ಕತ್ತೆ ಬೆಲ್ಲದ ಕುಡಿಕೆ ಎತ್ತಿಕೊಂಡರು. "ಮೊದ್ಲು ಬೆಲ್ಲ ಕಣಪ್ಪ. ನಿನ್ ಬಸ್ಸಿನ ಬಾಯಿ ಎಲ್ಲೈತೆ, ತೋರ್ಸು."

"ಮುಂದ್ಗಡೆ ಐತೆ. ಹುಷಾರು, ಕಚ್ಚತ್ತೆ!"

"ನಮ್ಮಣ್ಣಯ್ಯಂಗಿಂತ ಜೋರಾಗಿ ಕಚ್ಚತ್ತಾ?"

ಬಸ್ಸಿನೊಳಗಿನ ಜನ ಕಿಟಕಿಗೆ ಮುಖವಿಟ್ಟು ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಹಲ್ಲೆಲ್ಲ ಕಾಣುವಂತೆ ನಕ್ಕವರು ಚಿಕ್ಕತ್ತೆ. ಮಾವ ಅದೇ ಬಸ್ಸಿನಿಂದ ಇಳಿದರು ಎಂದು ನನ್ನ ನೆನಪು. ಇಲ್ಲ, ಹಿಂದಿನಿಂದ ಗಾಡಿಯಲ್ಲಿ ಬಂದರು ಅನ್ನುತ್ತಾನೆ ನನ್ನ ಮೈದುನ. ಬಸ್ಸು ಕತೆಗೆ ಅನುಕೂಲ, ಆದ್ದರಿಂದ ಗಾಡಿಯೇ ಇರಬೇಕು. ಹೇಗೆ ಬಂದರೂ ಕೇಳಿಸಿಕೊಂಡರು.

"ಗಂಡನ ಬಾಯಿಗೆ ನೀರು ಬುಡು ಅಂತ ಕೂರ್ಸಿದ್ರೆ ದಾರೀಲಿ ಹಲ್ಲು ಕಿಸೀತಾಳೆ" ಅಂದರು ಮಾವ, ಮನೆಯ ನಡುವೆ ನಿಂತು. "ಪುಣ್ಯದ ಕೆಲ್ಸದಾಗೆ ನಗು ಬತ್ತದಾ? ನಾಳೆಯಿಂದ ಬ್ಯಾಡ."

"ಅವ್ರಿಗೆ ಒಂದು ಕೆರೆ ನೀರು ಹೋಗಿರ್ಬೇಕು ಅಣ್ಣಯ್ಯ. ಈಗ ನಂಗೆ ಬಾಯಾರೈತೆ."

ಮಾರನೆಯ ದಿನ ಚಪ್ಪರದಲ್ಲಿ ಕೂಲಿಗೆ ಒಬ್ಬ ಮುದುಕ ಕೂತ. ಚಿಕ್ಕತ್ತೆ ಹಿತ್ತಿಲ ಕೋಣೆಯಲ್ಲಿ. ಮತ್ತೆ ಪಕ್ಕೆನೋವು, ಮತ್ತೆ ನಾಯಿಗೆ ಮುದ್ದೆ. ಮುದುಕ ಕೊಟ್ಟ ನೀರೂ ತಣ್ಣಗೇ ಇತ್ತು, ಬೆಲ್ಲವೂ ಅದೇ ಬೆಲ್ಲ. ಆದರೆ ಗಾಡಿಗಳು ನಿಂತಷ್ಟೇ ಬೇಗ ಹೊರಡುತ್ತಿದ್ದವು. ಪಾವಗಡದ ಗಾಡಿಯವನೊಬ್ಬ ನನ್ನನ್ನು ಕಂಡು "ಆ ನಗೋ ಅಮ್ಮ ಏಮಾಯಮ್ಮಾ?" ಅಂತ ಕೇಳಿದ. ಏನಾದರು ಅಂತ ಹೇಳಲಿ? ನಕ್ಕರು, ಅದಕ್ಕೇ ಒಳಗೆ ಹಾಕಿದರು ಅಂತಲೇ?

ಒಂದು ಬೆಳಗ್ಗೆ ಮಾವ ರುಮಾಲು ಸುತ್ತಿಕೊಂಡು ಹೊರಡುವ ಹೊತ್ತಿಗೆ ಚಿಕ್ಕತ್ತೆ ಬಂದು ಹೊಸಿಲ ಮೇಲೆ ನಿಂತರು. ಎದುರಿಗೇ. ಅತ್ತೆಯವರ ಕೈಯಿಂದ ಸೌಟು ಬಿತ್ತು.

"ಅಣ್ಣಯ್ಯ, ಅವ್ರು ಕನಸಿಗೆ ಬಂದಿದ್ರು. ನಾಲಿಗೆ ಒಣಗಿ ಕಟ್ಟಿಗೆ ಆಗಿತ್ತು. ಕೂಲಿಗೆ ಎರೆದ ನೀರು ನಂಗೆ ಮುಟ್ತಾ ಇಲ್ಲ ಅಂದ್ರು. ನಿಮ್ಮಣ್ಣಂಗೆ ಹೇಳು, ಮುಂದಿನ ಸಲ ಅವನ ಕನಸಿಗೇ ಬತ್ತೀನಿ ಅಂದ್ರು."

ಮಾವನ ಮುಖ ಸಪ್ಪಗಾಯಿತು. ಕಾಸು ತಗೊಂಡು ಎರೆದ ನೀರಿಗೆ ಪುಣ್ಯವಿಲ್ಲ, ಮನಸ್ಸಿನಿಂದ ಪುಕ್ಕಟೆ ಕೊಟ್ಟದ್ದು ಮಾತ್ರ ಆಚೆ ಲೋಕಕ್ಕೆ ತಲುಪುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದವರು ಅವರೇ. ಅದನ್ನು ಮರೆತು ಮುದುಕನನ್ನು ಕೂರಿಸಿದ್ದರು. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಆಮೇಲೆ ನೆಲ ನೋಡುತ್ತಾ ಅಂದರು: "ಹೋಗು. ಆದ್ರೆ ಸೆರಗು ಗಲ್ಲದವರ್ಗೂ ಇರ್ಬೇಕು. ಒಂದು ಮಾತು ಆಡ್ಕೂಡ್ದು."

ಅವರನ್ನು ಚಪ್ಪರಕ್ಕೆ ಬಿಡಲು ಹೋಗುವಾಗ ದಾರಿಯಲ್ಲಿ ಕೇಳಿದೆ, "ಚಿಕ್ಕತ್ತೆ, ನಿಜವಾಗ್ಲೂ ಬಂದಿದ್ರಾ?"

"ಬರ್ಬೇಕಾದ್ರೆ ನಾನು ಎಲ್ಲಿದ್ದೀನಿ ಅಂತ ಗೊತ್ತಿರ್ಬೇಕಲ್ಲಮ್ಮ. ಬದುಕಿದ್ದಾಗ್ಲೇ ಗೊತ್ತಿರ್ಲಿಲ್ಲ ಆ ಮಾರಾಯಂಗೆ."

ಮಂದಿಗೆ ಪುಕ್ಕಟೆ ನೀರು ಕೊಡುತ್ತೇನೆ, ಕೊಡಲು ಬಿಡಿ ಎಂದು ಕೇಳಲು ಒಬ್ಬ ಹೆಂಗಸು ಸತ್ತ ಗಂಡನ ಒಣ ನಾಲಿಗೆಯನ್ನು ಸಾಲ ತರಬೇಕಾಯಿತು. ಸ್ವಂತ ನಾಲಿಗೆಗೆ ಬೆಲೆ ಇರಲಿಲ್ಲ. ಈಗ ಸಭೆಯಲ್ಲಿ ಸುಖ ಮರೆತಳು ಅನ್ನುತ್ತಾರೆ. ಸುಖ ಸಿಕ್ಕಿದ್ದೇ ಅಲ್ಲಿ, ಸ್ವಾಮಿ! ಊಟ ಸೇರಿದ್ದು, ನಿದ್ದೆ ಬಂದದ್ದು, ಹೆಸರು ಗೊತ್ತಿಲ್ಲದ ಜನ ಎಲ್ಲಿ ಆ ಅಮ್ಮ ಎಂದು ಹುಡುಕಿದ್ದು, ಎಲ್ಲ ಅಲ್ಲಿ. ಕೊಡುವವಳಿಗೂ ಏನಾದರೂ ಸಿಕ್ಕಿತು ಅಂದರೆ ನಿಮ್ಮ ಪುಣ್ಯಕ್ಕೆ ಯಾಕೆ ಕಳಂಕ? ಆಗ ನಗುವನ್ನು ಕಿತ್ತುಕೊಂಡರು. ಈಗ ನಗಲೇ ಇಲ್ಲ ಎಂದು ಸಾಧಿಸುತ್ತಿದ್ದಾರೆ. ಎರಡನೆಯದು ಮೊದಲನೆಯದಕ್ಕಿಂತ ನೀಚ. ಮುಖ ತೋರಿಸಲಿಲ್ಲವಂತೆ, ಭಕ್ತಿಯಂತೆ. ಆ ಸೆರಗು ಮಾವ ಹಾಕಿದ ಷರತ್ತು.

ಆವತ್ತು ಮಧ್ಯಾಹ್ನ ಬುತ್ತಿ ಒಯ್ದಾಗ ಅವರು ಗಲ್ಲದವರೆಗೆ ಸೆರಗೆಳೆದುಕೊಂಡು ನೆಟ್ಟಗೆ ಕೂತಿದ್ದರು. ಬಸ್ಸು ಬಂತು, ಡ್ರೈವರು ಡಬ್ಬ ಹಿಡಿದು ಇಳಿದ. ಯಾರೋ ಹೊಸಬರಿರಬೇಕೆಂದು ಸಂಕೋಚದಿಂದ, ಮಾತಾಡದೆ ಡಬ್ಬ ಮುಂದೆ ಚಾಚಿದ. ಆಮೇಲೆ ಸೆರಗಿನ ಕೆಳಗೆ ಭುಜ ಎರಡೂ ಅಲುಗಾಡತೊಡಗಿದವು. ಒಳಗಿನಿಂದ ಒಂದು ಕೈ ಹೊರಬಂತು, ಅಂಗೈಯಲ್ಲಿ ಒಂದು ಚೂರು ಬೆಲ್ಲ.

"ಯಾಕ್ಲಾ, ನಿನ್ ಬಸ್ಸಿಗೆ ಇವತ್ತು ಬೆಲ್ಲ ಬ್ಯಾಡ್ವಾ?"